ಹಲಸಿನ ಮರದ ಕಪಾಟು



ನಮ್ಮ ಮನೆಯ ನಡುಮನೆಯಲ್ಲಿ, ಅಮ್ಮನ ಮಂಚದ ಪಕ್ಕದಲ್ಲಿ, ಒಂದು ಕಪಾಟು ನಿಂತಿದೆ. 6 ಅಡಿ ಎತ್ತರ, ಮೂರೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಎರಡು ಬಾಗಿಲು, ಒಳಗೆ ಐದು ಅಂತಸ್ತು. ಹಲಸಿನ ಮರದ್ದು. ಅದನ್ನು ಮಾಡಿದ್ದು ನಾನೇ, ನಮ್ಮ ಮನೆಯ ಜಗಲಿಯ ಮೇಲೆಯೇ. ನಾನು ಕಸುಬಿನಿಂದ ಬಡಗಿಯಲ್ಲ; ಸಾಗರದಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಮನೆಯಲ್ಲಿ ವಯಸ್ಸಾದ ಅಮ್ಮ, ಕೆಲಸಕ್ಕೆ ಹೋಗುವ ಹೆಂಡತಿ, ಓದುವ ಇಬ್ಬರು ಮಕ್ಕಳು. ಮದುವೆ, ಮುಂಜಿ, ನೆಂಟರು, ಜ್ವರ, ಪರೀಕ್ಷೆ ಎಲ್ಲವೂ ಇರುವ ಸಂಸಾರ.

"ಇಷ್ಟೆಲ್ಲದರ ನಡುವೆ ನಿಮಗೆ ಹೊತ್ತು ಎಲ್ಲಿ ಸಿಕ್ಕಿತು?" ಎಂದು ಕಪಾಟು ನೋಡಿದವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ. ಸಂಸಾರದಲ್ಲಿ ಇಡೀ ದಿನ ಯಾರಿಗೂ ಸಿಗುವುದಿಲ್ಲ. ಸಿಗುವುದು ಅರ್ಧ ಗಂಟೆ, ಮುಕ್ಕಾಲು ಗಂಟೆಯ ಚೂರುಗಳು. ಆ ಚೂರುಗಳು ದೊಡ್ಡ ಕೆಲಸಕ್ಕೂ ಸಾಕು. ಮರಗೆಲಸಕ್ಕಂತೂ ಅವೇ ಹೊಂದಿ ಬರುತ್ತವೆ. ಹೇಗೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಊರಿನ ನಮ್ಮ ಹಿತ್ತಲಿನಲ್ಲಿ ಒಂದು ಬಕ್ಕೆ ಹಲಸಿನ ಮರವಿತ್ತು. ನಮ್ಮ ಅಜ್ಜಿ ನೆಟ್ಟದ್ದು. ಅಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ಮರ ಕಾಯಿ ಬಿಡುವುದಕ್ಕೆ ಶುರುವಾಗಿತ್ತಂತೆ. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಗೂ ಹಪ್ಪಳ, ಪ್ರತಿ ಮಳೆಗಾಲಕ್ಕೂ ಹಣ್ಣಿನ ಕಡುಬು. ಅಪ್ಪಯ್ಯ ತೀರಿಕೊಂಡ ಮೇಲೆ ಅಮ್ಮ ಒಂದು ಕಬ್ಬಿಣದ ಟ್ರಂಕು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಅದೇ ವರ್ಷದ ಆಷಾಢದ ಗಾಳಿಗೆ ಮರ ಬುಡಸಮೇತ ಬಿತ್ತು. ಸುದ್ದಿ ಕೇಳಿ ಅಮ್ಮ ಹೆಚ್ಚು ಮಾತಾಡಲಿಲ್ಲ. "ಸೌದೆ ಮಾಡ್ಬೇಡ" ಎಂದಳು, ಅಷ್ಟೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ಮರವನ್ನು ಮಿಲ್ಲಿಗೆ ಸಾಗಿಸಿ, ಒಂದೂಕಾಲು ಇಂಚು ದಪ್ಪದ ಹಲಗೆ ಕೊಯ್ಯಿಸಿದೆ. ಹಲಸಿನ ಮರವನ್ನು ಹೊಸದಾಗಿ ಸೀಳಿದಾಗ ನೋಡಬೇಕು. ನಡುವಿನ ಭಾಗ ಅರಿಸಿನ ಕಲಸಿದ ಹಾಗೆ ಹಳದಿ, ಅದರ ಸುತ್ತ ಬಿಳಿಯ ಪಟ್ಟೆ. ಆ ಹಳದಿ ಭಾಗವೇ ಕೆಚ್ಚು. ಕೆಚ್ಚೆದೆ ಎಂದು ನಾವು ಹೇಳುವಾಗ ಬರುವ ಕೆಚ್ಚು ಇದೇ. ಮರದ ಬಲವೆಲ್ಲ ಇರುವುದು ಅಲ್ಲಿ. ಹೊರಗಿನ ಬಿಳಿ ಭಾಗದಲ್ಲಿ ಹಿಟ್ಟಿನಂಶ ಇರುತ್ತದೆ, ಕುಟ್ಟೆ ಹುಳ ಮೊದಲು ಬಾಯಿ ಹಾಕುವುದು ಅದಕ್ಕೆ. ಆದ್ದರಿಂದ ಬಿಳಿಯನ್ನು ತೆಗೆದು ಕೆಚ್ಚನ್ನು ಮಾತ್ರ ಇಟ್ಟುಕೊಂಡೆ. ವೀಣೆಯ ಕೊಡಕ್ಕೆ, ಮೃದಂಗದ ಕಳಸಿಗೆಗೆ ಹಲಸನ್ನೇ ಆರಿಸುತ್ತಾರೆ ಎಂಬುದು ನಿಮಗೆ ಗೊತ್ತಿರುವ ವಿಷಯ. ಅಂಥ ಮರ ಹಿತ್ತಲಲ್ಲೇ ಬೆಳೆಯುವುದು ಮಲೆನಾಡಿನವರ ಭಾಗ್ಯ.

ಹಲಗೆ ಬಂದ ಮಾರನೇ ದಿನವೇ ಕೆಲಸ ಶುರು ಮಾಡುವ ಆತುರ ನನಗೆ. ನಮ್ಮ ಬೀದಿಯ ಕೊನೆಯಲ್ಲಿರುವ ಹಿರಿಯ ಆಚಾರ್ರನ್ನು ಕರೆದು ತೋರಿಸಿದೆ. ಅವರು ಹಲಗೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತರು. ಆಮೇಲೆ, "ಮೇಷ್ಟ್ರೇ, ಇದರಲ್ಲಿ ಇನ್ನೂ ನೀರಿದೆ. ಈಗ ಕಪಾಟು ಮಾಡಿದ್ರೆ ಮುಂದಿನ ಬೇಸಿಗೆಗೆ ಬಾಗಿಲು ಸೊಟ್ಟ ಆಗುತ್ತೆ. ಅಟ್ಟಕ್ಕೆ ಹಾಕಿ, ಮರೆತುಬಿಡಿ" ಎಂದರು.

ಹಲಗೆ ಒಣಗಿಸುವುದಕ್ಕೂ ಒಂದು ಕ್ರಮವಿದೆ. ಎರಡು ಹಲಗೆಗಳ ನಡುವೆ ಗಾಳಿಯಾಡುವಂತೆ ಒಂದೇ ದಪ್ಪದ ಪಟ್ಟಿಗಳನ್ನು ಅಡ್ಡಲಾಗಿ ಇಟ್ಟು ಪೇರಿಸಬೇಕು. ಪಟ್ಟಿಗಳು ಒಂದರ ಮೇಲೊಂದು ನೇರವಾಗಿ ಕೂರಬೇಕು, ಇಲ್ಲವಾದರೆ ಹಲಗೆ ಬಾಗುತ್ತದೆ. ಹಲಗೆಯ ತುದಿಗಳಿಗೆ ಬಣ್ಣ ಬಳಿಯಬೇಕು. ನೀರು ಅಲ್ಲಿಂದ ಬೇಗ ಆರಿಹೋಗುವುದರಿಂದ ಸೀಳು ಬಿಡುವುದೂ ಅಲ್ಲಿಂದಲೇ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಸ್ಥೂಲ ಲೆಕ್ಕ. ನಮ್ಮ ಕಡೆ ಮಳೆ ನಾಲ್ಕು ತಿಂಗಳು ಹಿಡಿದುಕೊಳ್ಳುವುದರಿಂದ ನಾನು ಒಂದೂವರೆ ವರ್ಷ ಬಿಟ್ಟೆ. ಅದೇ ಮರದ ಒಂದು ತುಂಡನ್ನು ಅಟ್ಟದಲ್ಲಿ ಹಲಗೆಗಳ ಜೊತೆಗೇ ಇಟ್ಟಿದ್ದೆವು. ತಿಂಗಳಿಗೊಮ್ಮೆ ಅದನ್ನು ಇಳಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಕ್ಯಾಲೆಂಡರಿನ ಮೇಲೆ ಬರೆಯುವ ಕೆಲಸ ಮಗನದು. ಮೊದಲ ತಿಂಗಳು 940 ಗ್ರಾಂ. ಇಳಿಯುತ್ತಾ ಇಳಿಯುತ್ತಾ 620ಕ್ಕೆ ಬಂದು ನಿಂತಿತು. ಎರಡು ತಿಂಗಳು ಅಲ್ಲೇ ನಿಂತ ಮೇಲೆ ಮರ ಒಣಗಿದೆ ಎಂದು ತಿಳಿದುಕೊಂಡೆವು. ಆ ಒಂದು ತುಂಡಿನಿಂದಲೇ 320 ಗ್ರಾಂ ನೀರು ಯಾರ ಕಣ್ಣಿಗೂ ಕಾಣದೆ ಗಾಳಿಗೆ ಸೇರಿಹೋಗಿತ್ತು. ಮರದ ಇಂಥ ಗುಣಗಳ ಅಧ್ಯಯನಕ್ಕೆಂದೇ ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಬೆಂಗಳೂರಿನಲ್ಲಿ ಒಂದು ಪ್ರಯೋಗಾಲಯ ತೆರೆದಿದ್ದರು. ಮಲ್ಲೇಶ್ವರದಲ್ಲಿ ಈಗಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಅದರಿಂದಲೇ ಬೆಳೆದದ್ದು.

ಆ ಒಂದೂವರೆ ವರ್ಷದಲ್ಲಿ ನಾವು ಬೇರೇನೂ ಮಾಡಬೇಕಾಗಿರಲಿಲ್ಲ. ಮನೆಯ ಕೆಲಸ ಮನೆಯದು, ಮರದ ಕೆಲಸ ಮರದ್ದು. ನಾವು ಶಾಲೆಗೆ ಹೋಗುತ್ತಿದ್ದಾಗ, ಮದುವೆ ಊಟಕ್ಕೆ ಹೋಗಿದ್ದಾಗ, ನಿದ್ದೆ ಮಾಡುತ್ತಿದ್ದಾಗಲೂ ಅಟ್ಟದ ಮೇಲೆ ಕಪಾಟು ತಯಾರಾಗುತ್ತಲೇ ಇತ್ತು. ಬಿಡುವಿನ ಬಗ್ಗೆ ಮರ ಕಲಿಸಿದ ಮೊದಲ ಪಾಠ ಇದು.

ಸಂಕ್ರಾಂತಿ ಕಳೆದ ಮೇಲೆ ಹಲಗೆ ಇಳಿಸಿದೆವು. ಟೇಪು ಹಿಡಿಯುವ ಮುಂಚೆ ಅಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಕೈ ಎತ್ತಲು ಹೇಳಿದೆ. ನೋವಿಲ್ಲದೆ ಕೈ ಎಲ್ಲಿಯವರೆಗೆ ಹೋಯಿತೋ ಅಲ್ಲಿಗೆ ಪೆನ್ಸಿಲ್ ಗುರುತು. ಬಗ್ಗದೆ ಕೈ ಎಲ್ಲಿಯವರೆಗೆ ಇಳಿಯಿತೋ ಅಲ್ಲಿಗೆ ಇನ್ನೊಂದು. ಅವಳು ದಿನಾ ಮುಟ್ಟುವ ವಸ್ತುಗಳೆಲ್ಲ ಈ ಎರಡು ಗುರುತುಗಳ ನಡುವೆಯೇ ಬರಬೇಕು: ಸೀರೆ, ಔಷಧಿ, ಕನ್ನಡಕ, ಹೂಬತ್ತಿಯ ಡಬ್ಬಿ. ಮೇಲಿನ ಅಂತಸ್ತು ಪತ್ರಗಳಿಗೆ, ಕೆಳಗಿನದು ಮಕ್ಕಳ ಪುಸ್ತಕಕ್ಕೆ. ಅಂಗಡಿಯಲ್ಲಿ ಕೊಂಡ ಕಪಾಟಿನ ಅಂತಸ್ತಿಗೆ ನಮ್ಮ ಮೈ ಒಗ್ಗಿಕೊಳ್ಳಬೇಕು. ಮನೆಯಲ್ಲಿ ಮಾಡಿದ್ದರಲ್ಲಿ ಅಂತಸ್ತೇ ನಮ್ಮ ಮೈಗೆ ಒಗ್ಗುತ್ತದೆ.

ಹೆಂಡತಿ ಎರಡು ಕಟ್ಟಳೆ ಹಾಕಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿ ಗುಡಿಸಿರಬೇಕು. ಉಳಿ, ಗರಗಸ ಎಲ್ಲ ಮಕ್ಕಳಿಗೆ ಎಟುಕದ ಗೂಡಿಗೆ ಹೋಗಿರಬೇಕು. ಈ ಕಟ್ಟಳೆಗಳಿಂದ ಕೆಲಸಕ್ಕೆ ಒಂದು ಆಕಾರ ಬಂತು. ಎಲ್ಲವನ್ನೂ ಮುಕ್ಕಾಲು ಗಂಟೆಯ ತುಂಡುಗಳಾಗಿ ಒಡೆಯಲೇಬೇಕಾಯಿತು. ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಎರಡು ಬದಿಯ ಚೌಕಟ್ಟು, ಅವನ್ನು ಕೂಡಿಸುವ ನಾಲ್ಕು ಅಡ್ಡಪಟ್ಟಿ, ಎರಡು ಬಾಗಿಲಿನ ಚೌಕಟ್ಟು. ಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಎದುರಿನ ಮರದಲ್ಲಿ ಅದಕ್ಕೆ ಸರಿಯಾಗಿ ಕುಳಿ ತೋಡಿ, ಒಂದರೊಳಗೊಂದು ಕೂರಿಸಬೇಕು. ಎಣಿಸಿದಾಗ ಒಟ್ಟು 32 ಕುಳಿಗಳಾದವು. ಒಂದು ಕುಳಿಗೆ ಮುಕ್ಕಾಲು ಗಂಟೆ. ದಿನಕ್ಕೊಂದು ಕುಳಿ ಎಂದು ಗೊತ್ತು ಮಾಡಿಕೊಂಡೆ.

ಬೆಳಗ್ಗೆ ಎದ್ದು ಕಾಫಿ ಕುಡಿದು ಆರಕ್ಕೆ ಜಗಲಿಗೆ ಬಂದರೆ ಆರು ಮುಕ್ಕಾಲಿಗೆ ಒಂದು ಕುಳಿ ಮುಗಿಯುತ್ತಿತ್ತು. ಉಳಿಯನ್ನು ಗೆರೆಗೆ ಸರಿಯಾಗಿ ನಿಲ್ಲಿಸಿ ಕೊಡತಿಯಿಂದ ಹೊಡೆದು, ಚಕ್ಕೆ ಎಬ್ಬಿಸಿ, ಅರ್ಧ ಆಳಕ್ಕೆ ಬಂದ ಮೇಲೆ ಮರ ತಿರುಗಿಸಿ ಇನ್ನೊಂದು ಬದಿಯಿಂದ ತೋಡುವುದು. ಒಂದೇ ಬದಿಯಿಂದ ತೂತು ಹೊಡೆದರೆ ಆಚೆಯ ಅಂಚು ಕಿತ್ತುಬರುತ್ತದೆ. ಮೊದಲ ಕುಳಿಗೂ ಕೊನೆಯ ಕುಳಿಗೂ ಇರುವ ವ್ಯತ್ಯಾಸ ಇವತ್ತೂ ಬಾಗಿಲು ತೆರೆದರೆ ಕಾಣುತ್ತದೆ. ಮೊದಲನೆಯದರ ಅಂಚು ಒರಟು. ಮೂವತ್ತೆರಡನೆಯದರ ಅಂಚಿನಲ್ಲಿ ಕೂದಲು ತೂರುವಷ್ಟೂ ಸಂದಿಲ್ಲ. ಅಷ್ಟು ದಿನಗಳಲ್ಲಿ ಕೈ ಕಲಿತದ್ದೆಲ್ಲ ಆ ಮರದ ಮೇಲೆ ಬರೆದಿಟ್ಟ ಹಾಗಿದೆ. ನಮ್ಮ ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಬಳ್ಳಿ, ಹೂವು, ದೇವರ ಮುಖಗಳನ್ನು ಕಂಡರಿಸುವುದನ್ನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ಒಂದು ನೇರ ಕುಳಿ ತೋಡಲು ಎಷ್ಟು ಗಮನ ಬೇಕು ಎಂದು ಅರಿವಾದ ಮೇಲೆ ಅವರ ಬೆರಳುಗಳ ಮೇಲಿನ ಗೌರವ ನೂರು ಪಟ್ಟು ಹೆಚ್ಚಿತು.

ಒಂದು ತಪ್ಪನ್ನೂ ಹೇಳಬೇಕು. ಬಾಗಿಲಿನ ಒಂದು ಅಡ್ಡಪಟ್ಟಿಯನ್ನು ಅರ್ಧ ಇಂಚು ಗಿಡ್ಡ ಕೊಯ್ದುಬಿಟ್ಟೆ. ಪ್ರತಿ ತುಂಡಿಗೂ ಟೇಪು ಹಿಡಿದು ಅಳೆಯುತ್ತಿದ್ದದ್ದೇ ಅದಕ್ಕೆ ಕಾರಣ. ಆಚಾರ್ರು ಒಂದು ಬಿದಿರಿನ ಪಟ್ಟಿ ತರಿಸಿ, ಕಪಾಟಿನ ಎಲ್ಲ ಎತ್ತರಗಳನ್ನೂ ಅದರ ಮೇಲೆ ಗೀರು ಹಾಕಿಸಿದರು. "ಟೇಪು ಓದೋರ ಕಣ್ಣು ತಪ್ಪಬಹುದು. ಕೋಲು ಎಲ್ಲ ತುಂಡಿಗೂ ಒಂದೇ ಮಾತು ಹೇಳುತ್ತೆ" ಎಂದರು. ಅಲ್ಲಿಂದ ಮುಂದೆ ಅಳತೆ ತಪ್ಪಲಿಲ್ಲ. ಆ ಬಿದಿರಿನ ಕೋಲು ಈಗಲೂ ಕಪಾಟಿನ ಹಿಂದೆ ಇದೆ.

ಈಗ ಬಾಗಿಲಿನ ಒಳಹಲಗೆಯ ವಿಷಯ. ಮರಗೆಲಸದ ಮರ್ಮ ಇರುವುದೇ ಇಲ್ಲಿ. ಒಣಗಿದ ಮರವೂ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೇ ಹೆಚ್ಚು. ಒಂದು ಅಡಿ ಅಗಲದ ಹಲಗೆ ಮಲೆನಾಡಿನ ಬೇಸಿಗೆಗೂ ಮಳೆಗಾಲಕ್ಕೂ ಒಂದು ನೂಲಿನಷ್ಟು, ಎಂದರೆ ಇಂಚಿನ ಎಂಟನೇ ಒಂದು ಭಾಗದಷ್ಟು, ವ್ಯತ್ಯಾಸವಾಗಬಹುದು. ಅಂಥ ಹಲಗೆಯನ್ನು ಮೊಳೆ ಹೊಡೆದು, ಗೋಂದು ಹಾಕಿ ಬಿಗಿದರೆ ಅದು ಕುಗ್ಗುವಾಗ ಸೀಳುತ್ತದೆ, ಹಿಗ್ಗುವಾಗ ಚೌಕಟ್ಟನ್ನೇ ಒಡೆಯುತ್ತದೆ. ಅದಕ್ಕೇ ಹಿಂದಿನವರು ಚೌಕಟ್ಟಿನ ಒಳ ಅಂಚಿನಲ್ಲಿ ಸುತ್ತಲೂ ತೋಡು ತೆಗೆದು, ಹಲಗೆಯನ್ನು ಅದರೊಳಗೆ ಸಡಿಲವಾಗಿ ನಿಲ್ಲಿಸುತ್ತಿದ್ದರು. ಗೋಂದು, ಮೊಳೆ ಎಲ್ಲ ಚೌಕಟ್ಟಿನ ಮೂಲೆಗಳಿಗೆ ಮಾತ್ರ. ನಾನು ತೋಡನ್ನು 3 ನೂಲು ಆಳ ತೆಗೆದೆ, ಹಲಗೆಯ ಎರಡೂ ಬದಿಗೆ ಒಂದೊಂದು ನೂಲು ಜಾಗ ಬಿಟ್ಟೆ. ಹಲಗೆಗೆ ಎಣ್ಣೆ ಹಚ್ಚಿದ್ದೂ ಚೌಕಟ್ಟಿಗೆ ಕೂರಿಸುವ ಮುಂಚೆಯೇ. ಆಮೇಲೆ ಹಚ್ಚಿದರೆ, ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಎಣ್ಣೆ ಕಾಣದ ಪಟ್ಟೆ ಇಣುಕುತ್ತದೆ. ಕಪಾಟಿನ ಬೆನ್ನಿಗೆ ಮಾತ್ರ 6 ಮಿಲಿಮೀಟರ್ ಪ್ಲೈವುಡ್ ಹಾಕಿದೆ. ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿರುತ್ತಾರೆ. ಹಾಗಾಗಿ ಅದು ಹಿಗ್ಗಿ ಕುಗ್ಗುವುದು ಬಹಳ ಕಡಿಮೆ. ಕೊಳ್ಳುವಾಗ ಹಾಳೆಯ ಮೇಲೆ ಐಎಸ್‌ಐ ಗುರುತು ನೋಡಿ. ಸಾಮಾನ್ಯ ಬಳಕೆಯದಕ್ಕೆ ಐಎಸ್ 303, ನೀರು ತಾಗುವ ಕಡೆ ಬಳಸುವುದಕ್ಕೆ ಐಎಸ್ 710 ಎಂದು ಇರುತ್ತದೆ.

ಗೋಂದಿನ ದಿನಗಳಲ್ಲಿ ನಡೆದ ಎರಡು ಸಂಗತಿ ಹೇಳುತ್ತೇನೆ. ಮೊದಲನೇ ಬಾಗಿಲನ್ನು ಒಂದು ಸಂಜೆ ಅಂಟಿಸಿ, ಕ್ಲಾಂಪು ಬಿಗಿದು ಇಟ್ಟಿದ್ದೆ. ಆ ರಾತ್ರಿಯೇ ಮಗನಿಗೆ ಜ್ವರ ಏರಿತು. ಆಸ್ಪತ್ರೆ, ರಕ್ತಪರೀಕ್ಷೆ, ತಣ್ಣೀರ ಬಟ್ಟೆ ಎಂದು ಮೂರು ದಿನ ಜಗಲಿಯ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೇ ದಿನ ಕ್ಲಾಂಪು ಬಿಚ್ಚಿದರೆ ಬಾಗಿಲು ಕಲ್ಲಿನ ಹಾಗೆ ಕೂಡಿತ್ತು. ಎರಡನೇ ಬಾಗಿಲಿಗೆ ನಾನು ಅಷ್ಟು ಹೊತ್ತು ಕೊಡಲಿಲ್ಲ. ಯುಗಾದಿಗೆ ನೆಂಟರು ಬರುವವರಿದ್ದರು, ಜಗಲಿ ಖಾಲಿಯಾಗಬೇಕಿತ್ತು. ಒಂದು ಗಂಟೆಗೇ ಕ್ಲಾಂಪು ಬಿಚ್ಚಿ ಬಾಗಿಲನ್ನು ಗೋಡೆಗೆ ಒರಗಿಸಿದೆ. ಬೆಳಗಾಗುವಷ್ಟರಲ್ಲಿ ಎರಡು ಮೂಲೆ ಬಾಯಿ ಬಿಟ್ಟಿದ್ದವು. ಹಳೆಯ ಗೋಂದನ್ನೆಲ್ಲ ಕೆರೆದು ತೆಗೆದು ಮತ್ತೆ ಅಂಟಿಸಲು ಒಂದು ವಾರ ಹಿಡಿಯಿತು. ಮೂರು ದಿನ ಕೈ ಬಿಟ್ಟದ್ದರಿಂದ ಕೆಲಸ ಕೆಡಲಿಲ್ಲ. ಒಂದು ಗಂಟೆ ಆತುರಪಟ್ಟದ್ದರಿಂದ ಕೆಟ್ಟಿತು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅದು ನನಗೆ ಅರ್ಥವಾದದ್ದು ಆ ಯುಗಾದಿಯ ದಿನ.

ಬದಿಗಳು, ಬಾಗಿಲುಗಳು ಸಿದ್ಧವಾದ ಮೇಲೆ ಇಡೀ ಕಪಾಟನ್ನು ನಿಲ್ಲಿಸಬೇಕಿತ್ತು. ಅದು ಬೇಸಿಗೆ ರಜೆ. ನಾಲ್ಕು ಮೂಲೆಯೂ ಮಟ್ಟವಾಗಿವೆಯೇ ಎಂದು ತಿಳಿಯಲು ಎರಡು ಕರ್ಣಗಳನ್ನು ಅಳೆಯಬೇಕು. ಎರಡೂ ಸಮನಾಗಿದ್ದರೆ ಮೂಲೆ ಸರಿ. ಮಗಳು ಆಗಷ್ಟೇ ಪೈಥಾಗರಸನ ಪ್ರಮೇಯ ಕಲಿತಿದ್ದಳು. ಬೌಧಾಯನರ ಶುಲ್ಬಸೂತ್ರದಲ್ಲೂ ಆ ಮಾತಿದೆ ಎಂದು ನಾನೇ ಅವಳಿಗೆ ಹೇಳಿದ್ದೆ. ಅವಳು ಎತ್ತರ 72 ಇಂಚು, ಅಗಲ 42 ಇಂಚು ಎಂದು ಬರೆದುಕೊಂಡು, ವರ್ಗ ಕೂಡಿಸಿ, ವರ್ಗಮೂಲ ತೆಗೆದು, "ಅಪ್ಪಾ, 83 ಇಂಚು ಮೂರು ನೂಲು ಬರಬೇಕು" ಎಂದಳು. ದಾರ ಹಿಡಿದು ನೋಡಿದೆವು. ಒಂದು ಕರ್ಣ 83 ಇಂಚು, ಇನ್ನೊಂದು ಮುಕ್ಕಾಲು ಇಂಚು ಹೆಚ್ಚು. ಉದ್ದವಿದ್ದ ಕರ್ಣದ ಮೂಲೆಗಳಿಗೆ ಹಗ್ಗ ಕಟ್ಟಿ, ನಡುವೆ ಕೋಲು ಸಿಕ್ಕಿಸಿ ತಿರುಚಿದೆವು. ಮಗ ಕೋಲು ತಿರುಚುವುದು, ಹೆಂಡತಿ ಕಪಾಟು ಅಲುಗದಂತೆ ಹಿಡಿಯುವುದು, ಮಗಳು ದಾರ ನೋಡಿ "ಇನ್ನೂ, ಇನ್ನೂ, ಸಾಕು" ಎನ್ನುವುದು. ಅವಳು ಸಾಕು ಎಂದಾಗ ಎರಡೂ ಕರ್ಣ 83 ಇಂಚು ಮೂರು ನೂಲು. ಕುಳಿ ನಾಲಿಗೆ ಎರಡನ್ನೂ ಸೇರಿಸಿ ತೂತು ಕೊರೆದು ಬಿದಿರಿನ ಮೊಳೆ ಹೊಡೆದು ಭದ್ರ ಮಾಡಿದೆವು. ಪುಸ್ತಕದ ಲೆಕ್ಕ ಕೈಯಲ್ಲಿ ನಿಜವಾದಾಗ ಮಗುವಿನ ಮುಖದಲ್ಲಿ ಮೂಡುವ ಬೆಳಕನ್ನು ನಾನು ಇಷ್ಟು ವರ್ಷದ ಪಾಠದಲ್ಲಿ ಅಪರೂಪಕ್ಕೆ ಕಂಡಿದ್ದೇನೆ.

ಮರದ ಮೈಯನ್ನು ಮರಳು ಕಾಗದದಿಂದ 80, 120, 220 ನಂಬರಿನ ಕ್ರಮದಲ್ಲಿ ಎಳೆಯ ಉದ್ದಕ್ಕೂ ಉಜ್ಜಿ, ಅಗಸೆ ಎಣ್ಣೆ ಹಚ್ಚಿದೆವು. ಮಕ್ಕಳಿರುವ ಮನೆಯವರು ಎರಡು ಎಚ್ಚರಿಕೆಯನ್ನು ಮರೆಯಬಾರದು. ಉಜ್ಜುವಾಗ ಏಳುವ ಹುಡಿ ಶ್ವಾಸಕ್ಕೆ ಕೆಟ್ಟದ್ದು, ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಳ್ಳಲೇಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಶಾಖ ಹುಟ್ಟುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ಹೊರಗಡೆ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ನೆನೆಸಿಡಬೇಕು. ಮೂರು ಸಲ ಎಣ್ಣೆ ಹಚ್ಚಿದೆವು, ಒಂದೊಂದಕ್ಕೂ ನಡುವೆ ಮೂರು ನಾಲ್ಕು ದಿನ ಬಿಟ್ಟು. ಆ ದಿನಗಳಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿ ಬಂದೆವು, ಒಂದು ಉಪ್ಪಿನಕಾಯಿ ಭರಣಿಯೂ ತುಂಬಿತು.

ಮೇ ತಿಂಗಳ ಕೊನೆಯ ವಾರ ಕೀಲು, ಚಿಲಕ ಕೂರಿಸಿ ಕಪಾಟನ್ನು ನಡುಮನೆಗೆ ಸಾಗಿಸಿದೆವು. ಅಮ್ಮ ಟ್ರಂಕು ತೆರೆದು ಒಂದೊಂದೇ ಸೀರೆ ತೆಗೆದು ಜೋಡಿಸಿದಳು. ಎಲ್ಲ ಮುಗಿದ ಮೇಲೆ ಬಾಗಿಲು ಮುಚ್ಚಿ, ಒಳಹಲಗೆಯ ಮೇಲೆ ಅಂಗೈ ಇಟ್ಟಳು. ಹಲಗೆ ಬಂದಾಗ ಆಚಾರ್ರು ಇಟ್ಟಿದ್ದರಲ್ಲ, ಹಾಗೆಯೇ. "ಹಪ್ಪಳದ ಮರ" ಎಂದಳು.

ಅದಾದ ಮೇಲೆ ಕೆಲವು ಮಳೆಗಾಲ ಕಳೆದಿವೆ. ಜುಲೈ ಬಂದರೆ ಒಳಹಲಗೆ ಹಿಗ್ಗಿ ತೋಡನ್ನು ತುಂಬಿಕೊಳ್ಳುತ್ತದೆ, ಮಾರ್ಚ್ ಬಂದರೆ ಹಿಂದೆ ಸರಿಯುತ್ತದೆ. ಒಂದು ಸೀಳೂ ಬಿಟ್ಟಿಲ್ಲ. ಬೆಳಕು ಬಿದ್ದ ಹೊರಮೈ ಕಂದು ಬಣ್ಣಕ್ಕೆ ತಿರುಗಿದೆ. ಬಾಗಿಲು ತೆರೆದರೆ ಒಳಗೆ ಇನ್ನೂ ಹಲಸಿನ ಹಳದಿ.

ಕೇಳುಗರೇ, ಬಿಡುವು ಸಿಕ್ಕಿದ ಮೇಲೆ ಮಾಡೋಣ ಎಂದು ಮುಂದೂಡಿದ ಕೆಲಸ ನಿಮ್ಮ ಮನೆಯಲ್ಲೂ ಇರುತ್ತದೆ. ಇಡೀ ಬಿಡುವಿಗೆ ಕಾಯಬೇಡಿ, ಕೆಲಸವನ್ನೇ ಚೂರು ಮಾಡಿಕೊಳ್ಳಿ. ಅದನ್ನು ಮನೆಯವರ ಕಣ್ಣೆದುರು ಮಾಡಿ. ಮಕ್ಕಳಿಗೆ ದಾರದ ಒಂದು ತುದಿ ಹಿಡಿಯಲು ಕೊಡಿ. ಮೊದಲಿಗೆ ಕಪಾಟೇ ಆಗಬೇಕಿಲ್ಲ, ಊಟಕ್ಕೆ ಕೂರುವ ಒಂದು ಮಣೆ ಸಾಕು: ಒಂದು ಹಲಗೆ, ಕೆಳಗೆ ಎರಡು ಪಟ್ಟಿ. ಈ ಭಾನುವಾರ ಅರ್ಧ ಗಂಟೆ ಸಿಕ್ಕರೆ ಅಳತೆಯ ಗೆರೆ ಎಳೆದಿಡಿ. ಕೊಯ್ಯುವುದು ಮುಂದಿನ ಭಾನುವಾರವಾದರೂ ಆಗಲಿ.